ಟ್ಯಾಬ್ ಬಂದರೆ ಪಾಠಪುಸ್ತಕ ಬೇಡವೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪುಸ್ತಕ ಮತ್ತು ಪರದೆಯ ಬಗ್ಗೆ ಕಾಸರಗೋಡಿನ ಕನ್ನಡ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು.

ಪ್ರಶ್ನೆ: ಮಗ ಎಂಟನೇ ತರಗತಿ, ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ ಪ್ರೊಜೆಕ್ಟರ್ ಉಂಟು, ನೋಟ್ಸ್ ವಾಟ್ಸಾಪಿನಲ್ಲಿ ಬರುತ್ತದೆ. ಇನ್ನು ಹತ್ತು ವರ್ಷದಲ್ಲಿ ಪುಸ್ತಕವೇ ಇರುವುದಿಲ್ಲ, ಈಗಲೇ ಒಂದು ಟ್ಯಾಬ್ ತೆಗೆದುಕೊಡಿ ಎಂದು ಅವನ ಸೋದರಮಾವ ಹೇಳುತ್ತಾನೆ. ತೆಗೆಯಬೇಕೇ?
– ಒಬ್ಬರು ತಾಯಿ, ಬದಿಯಡ್ಕ

ಉತ್ತರ: ಪುಸ್ತಕದ ಬದಲಿಗೆ ಎಂದಾದರೆ ಬೇಡ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯವರೆಗೆ ಪಾಠಪುಸ್ತಕ ಉಚಿತ. ಟ್ಯಾಬ್ ಕೊಂಡರೆ ಉಳಿಯುವ ದುಡ್ಡು ಏನೂ ಇಲ್ಲ, ಹೊಸ ಖರ್ಚು ಮಾತ್ರ ಬರುತ್ತದೆ. ಆ ಖರ್ಚು ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಲಿಥಿಯಂ ಬ್ಯಾಟರಿ ಸುಮಾರು 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಸೊರಗುತ್ತದೆ. ಎಂಟರಲ್ಲಿ ತೆಗೆದದ್ದು ಎಸ್ಸೆಸ್ಸೆಲ್ಸಿಗೆ ಬರುವಾಗ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಆಟಿಯ ಮಳೆಗೆ ಕರೆಂಟು ಹೋದ ದಿನ ಅದರ ಕೊರತೆ ಗೊತ್ತಾಗುತ್ತದೆ.

ಪುಸ್ತಕವೇ ಇರುವುದಿಲ್ಲ ಎಂಬ ಮಾತನ್ನೂ ನೋಡೋಣ. ತರಗತಿಗೆ ಪರದೆ ತಂದವರಲ್ಲಿ ಮುಂದಿದ್ದ ಸ್ವೀಡನ್, 2023ರಲ್ಲಿ ಪಾಠಪುಸ್ತಕ ಕೊಳ್ಳಲೆಂದೇ 68.5 ಕೋಟಿ ಕ್ರೋನಾ ಎತ್ತಿಟ್ಟಿತು. ದಕ್ಷಿಣ ಕೊರಿಯಾ 2025ರ ಮಾರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಾಠಪುಸ್ತಕ ಶುರು ಮಾಡಿತು. ಆಗಸ್ಟಿನಲ್ಲಿ ಅದಕ್ಕಿದ್ದ ಪಾಠಪುಸ್ತಕದ ಸ್ಥಾನ ತೆಗೆದು ಪೂರಕ ಸಾಮಗ್ರಿಯ ಸಾಲಿಗೆ ಇಳಿಸಿತು.

ಕಾರಣ ಓದಿನ ಸ್ವಭಾವದಲ್ಲೇ ಇದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಅಂದರೆ 1,70,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ವಿಷಯ ತಿಳಿಸುವ ಬರಹ ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಹೊತ್ತು ಮಿತಿ ಹಾಕಿದಾಗ ಅಂತರ ಇನ್ನೂ ದೊಡ್ಡದು. ಕತೆ ಓದುವಾಗ ಮಾತ್ರ ಅಂತಹ ವ್ಯತ್ಯಾಸ ಕಾಣಲಿಲ್ಲ. ಪರದೆ ಜನರಿಗೆ ರೂಢಿಯಾದಂತೆ ಈ ಅಂತರ ತಗ್ಗಬೇಕಿತ್ತು. ತಗ್ಗುವ ಬದಲು ವರ್ಷದಿಂದ ವರ್ಷಕ್ಕೆ ಬೆಳೆದಿತ್ತು. ಪರದೆಯಲ್ಲಿ ಕಣ್ಣು ಬೇಗ ಜಾರುತ್ತದೆ, ಅರ್ಥವಾಗದ್ದೂ ಅರ್ಥವಾಯಿತು ಎಂಬ ಭರವಸೆ ಬರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಸಮಾಜವಿಜ್ಞಾನದ ಹೊಸ ಪಾಠದ ಎರಡು ಪುಟ ಪುಸ್ತಕದಿಂದ, ಅಷ್ಟೇ ಉದ್ದದ ಮತ್ತೆರಡು ಪುಟ ಫೋನಿನಿಂದ ಓದಿಸಿ. ಎರಡನ್ನೂ ಮುಚ್ಚಿಟ್ಟು, ಐದು ನಿಮಿಷ ಬಿಟ್ಟು, ಓದಿದ್ದನ್ನು ಬಾಯಲ್ಲಿ ಹೇಳಿಸಿ. ಮೂರ್ನಾಲ್ಕು ಪಾಠಕ್ಕೆ ಹೀಗೆ ಮಾಡಿದರೆ ನಿಮ್ಮ ಮಗನ ಮಟ್ಟಿಗೆ ಯಾವುದು ನಿಲ್ಲುತ್ತದೆಂದು ತಿಳಿಯುತ್ತದೆ.

ಮನೆಯಲ್ಲಿರುವ ಫೋನು ಸಾಕಾಗುವ ಕೆಲಸಗಳು ಬೇಕಾದಷ್ಟಿವೆ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಚಿತ್ರದಲ್ಲಿ ನೋಡುವುದಕ್ಕಿಂತ ಚಲಿಸುವಾಗ ನೋಡುವುದು ಮೇಲು. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಾದರೆ ‘ಅಲರ್’ ನಿಘಂಟು ಉಚಿತವಾಗಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು ಕೇರಳದ ಶಾಲೆಗಳ ಆನ್‌ಲೈನ್ ಪಾಠ ‘ಫಸ್ಟ್ ಬೆಲ್’ ಶುರುವಾದ ಮೇಲೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಪಾಠ ಕೇಳಿದ್ದು ಯೂಟ್ಯೂಬಿನಲ್ಲಿ. ಮುಚ್ಚಿದ ಶಾಲೆಯನ್ನು ಮನೆಗೆ ತಂದ ಆ ಉಪಕಾರ ಸಣ್ಣದಲ್ಲ. ಆದರೆ ಓದಲು ಕೂತಾಗ ಪುಸ್ತಕ ಮಡಿಲಲ್ಲಿರಲಿ, ಫೋನು ಮೇಜಿನ ಮೇಲಿರಲಿ. ವಾಟ್ಸಾಪಿನ ನೋಟ್ಸಿನಲ್ಲಿ ಪರೀಕ್ಷೆಗೆ ನಿಜವಾಗಿ ಬೇಕಾದದ್ದನ್ನು ಮಾತ್ರ ಪ್ರಿಂಟ್ ಹಾಕಿಸಿ. ಪುಟಕ್ಕೆ ಎರಡು ರೂಪಾಯಿ ಎಂದು ಹಿಡಿದರೂ 40 ಪುಟಕ್ಕೆ 80 ರೂಪಾಯಿ.

ಪ್ರಶ್ನೆ: ಮೊಮ್ಮಗಳು ನಾಲ್ಕನೇ ಕ್ಲಾಸು. ಚೀಲದ ಭಾರಕ್ಕೆ ಬಗ್ಗಿ ನಡೆಯುತ್ತಾಳೆ. ಎಲ್ಲ ಕಂಪ್ಯೂಟರಿಗೆ ಹಾಕಿದರೆ ಈ ಹೊರೆ ತಪ್ಪುತ್ತಿತ್ತಲ್ಲ?
– ಒಬ್ಬರು ಅಜ್ಜ, ಪೆರ್ಲ

ಉತ್ತರ: ಚೀಲವನ್ನು ಒಮ್ಮೆ ಬಿಚ್ಚಿ ತೂಗಿ ನೋಡಿ. ಒಂದು ಲೀಟರಿನ ನೀರಿನ ಬಾಟ್ಲಿಯೇ ಒಂದು ಕಿಲೋದ ಮೇಲೆ ಬರುತ್ತದೆ. 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಹತ್ತನೇ ಒಂದು ಪಾಲು ಮೀರಬಾರದು. ಮೂರರಿಂದ ಐದನೇ ತರಗತಿಗೆ 1.7ರಿಂದ 2.5 ಕಿಲೋ. ಪಾಠಪುಸ್ತಕಗಳು ಭಾಗ ಭಾಗವಾಗಿ ಬರುವುದರಿಂದ ಮುಗಿದ ಭಾಗ ಮನೆಯಲ್ಲಿರಲಿ. 200 ಪುಟದ ನೋಟ್‌ಬುಕ್ಕಿನ ಬದಲು 100 ಪುಟದ್ದು ತೆಗೆಯಿರಿ, ಟೈಮ್‌ಟೇಬಲ್ ನೋಡಿ ತುಂಬಿಸಿ, ಅರ್ಧ ಲೀಟರಿನ ಬಾಟ್ಲಿ ಕೊಟ್ಟು ಶಾಲೆಯಲ್ಲಿ ತುಂಬಿಸಿಕೊಳ್ಳಲು ಹೇಳಿ. ಚೀಲದ ಎರಡೂ ಪಟ್ಟಿ ಹೆಗಲಿಗೆ ಬರಲಿ, ಭಾರದ ಪುಸ್ತಕ ಬೆನ್ನಿನ ಬದಿಗಿರಲಿ.

ಪ್ರಶ್ನೆ: ನಾನು ಕನ್ನಡ ಅಧ್ಯಾಪಕಿ. ಹಳೆಯ ನೋಟ್ಸುಗಳ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ಬೀಳುತ್ತದೆ. ಮಕ್ಕಳು ಫೋನಿನಲ್ಲಿ ತೆರೆದರೆ ಅಕ್ಷರ ತೀರಾ ಸಣ್ಣದು, ಒತ್ತಕ್ಷರ ಕಾಣುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ಪೈವಳಿಕೆ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು ಟೀಚರ್.

ಮೊದಲನೆಯದು ಫಾಂಟಿನದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ನಿಮಗೆ ‘ಕ’ ಎಂದು ಕಾಣುವುದು ಕಂಪ್ಯೂಟರಿಗೆ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೆರೆಯಿರುವ ‘ಎ’. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಹಾಗಾಗಿ ಅಂತಹ ಕಡತದಲ್ಲಿ ಕನ್ನಡ ಪದ ಹುಡುಕಲು ಆಗುವುದಿಲ್ಲ, ಕಣ್ಣು ಕಾಣದ ಮಗುವಿಗೆ ಫೋನು ಓದಿ ಹೇಳುವುದೂ ಇಲ್ಲ. ಕನ್ನಡಕ್ಕೆ ಡಿಜಿಟಲ್ ಪಾಠ ಬಂದಿದೆ ಎನ್ನುವವರು ಮೊದಲು ಸರಿಪಡಿಸಬೇಕಾದದ್ದು ಇದನ್ನು.

ಪಿಡಿಎಫ್ ಬಿಟ್ಟು, ಅದನ್ನು ಮಾಡಿದ ಮೂಲ ಕಡತ ಹುಡುಕಿ. ಅದರ ಬರಹವನ್ನು ಆಸ್ಕಿಯಿಂದ (ಅಂದರೆ ಆ ಹಳೆಯ ಫಾಂಟಿನ ಬಗೆಯಿಂದ) ಯೂನಿಕೋಡಿಗೆ (ಕನ್ನಡ ಅಕ್ಷರಕ್ಕೆ ಸ್ವಂತ ಜಾಗವಿರುವ ಬಗೆಗೆ) ಬದಲಿಸುವ ಪರಿವರ್ತಕಕ್ಕೆ ಹಾಕಿ. ಬಂದ ಫಲಿತಾಂಶವನ್ನು ಕಣ್ಣು ಮುಚ್ಚಿ ನಂಬಬೇಡಿ, ಅರ್ಕಾವತ್ತು ನೋಡಿ. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಸೂರ್ಯ, ವರ್ಷ, ಕಾರ್ಯ ಮುಗ್ಗರಿಸುವುದು ಇಲ್ಲಿ. ಆಮೇಲೆ ದೀರ್ಘಗಳು: ‘ಕೋ’ ಇರಬೇಕಾದಲ್ಲಿ ‘ಕೊ’ ಆಗಿ ದೀರ್ಘದ ಚಿಹ್ನೆ ಬೇರೆ ನಿಂತಿರಬಹುದು. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದವರು ಬಹಳ. ಅಚ್ಚಿನಲ್ಲಿ ಎರಡೂ ಒಂದೇ ರೀತಿ. ಹುಡುಕುವಾಗ ಮಾತ್ರ ‘ಸಂಧಿ’ ಸಿಗುವುದೇ ಇಲ್ಲ.

ಮೂಲ ಕಡತ ಇಲ್ಲ, ಸ್ಕ್ಯಾನ್ ಮಾತ್ರ ಇದೆ ಎಂದಾದರೆ, ಅದನ್ನು ಗೂಗಲ್ ಡ್ರೈವಿಗೆ ಏರಿಸಿ ಗೂಗಲ್ ಡಾಕ್ಸಿನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಕನ್ನಡ ಅಕ್ಷರವಾಗಿ ಬರುತ್ತದೆ. ಶಾಲೆಯ ಉಬುಂಟು ಲ್ಯಾಪ್‌ಟಾಪಿನಲ್ಲಿ, ಇದೇ ಕೆಲಸ ಮಾಡುವ ‘ಟೆಸೆರಾಕ್ಟ್’ ತಂತ್ರಾಂಶ ಹಾಕಿದರೂ ಆದೀತು. ದ-ಧ-ಥ, ಬ-ಭ, ವ-ಪ ಇವನ್ನು ಮೂಲದೊಡನೆ ತಾಳೆ ನೋಡಿ. ಒಂದು ಸಣ್ಣ ಸೀಳು, ಒಂದು ಚುಕ್ಕಿ ಅಳಿಸಿದರೂ ಅಕ್ಷರ ಬದಲಾಗುತ್ತದೆ.

ಎರಡನೆಯ ತೊಂದರೆಗೆ ಅಳತೆ ಕಾರಣ. ಎ4 ಹಾಳೆಯ ಅಗಲ 21 ಸೆಂ.ಮೀ., ಫೋನಿನ ಪರದೆ ಸುಮಾರು 7. ನೀವು 14 ಪಾಯಿಂಟಿನಲ್ಲಿ ಹೊಡೆದ ಅಕ್ಷರ ಮಗುವಿನ ಕೈಯಲ್ಲಿ ಮೂರನೇ ಒಂದು ಪಾಲಾಗಿ ಐದು ಪಾಯಿಂಟೂ ಉಳಿಯುವುದಿಲ್ಲ. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಅಷ್ಟು ಸಣ್ಣದರಲ್ಲಿ ಒಂದು ಕಪ್ಪು ಮುದ್ದೆ. ಫೋನಿಗೆಂದು ಮಾಡುವ ನೋಟ್ಸಿಗೆ ಪುಟದ ಅಳತೆ ಎ6 ಇಡಿ. ಲಿಬ್ರೆ ಆಫೀಸಿನಲ್ಲಿ ‘ಪೇಜ್ ಸ್ಟೈಲ್’ಗೆ ಹೋದರೆ ಅದು ಸಿಗುತ್ತದೆ. ಅಂಚು 0.7 ಸೆಂ.ಮೀ., ಅಕ್ಷರ 14 ಪಾಯಿಂಟ್. ಎ6ರ ಅಗಲ 10.5 ಸೆಂ.ಮೀ. ಆದ್ದರಿಂದ ಅದು ಫೋನಿನಲ್ಲಿ ಒಂಬತ್ತು ಪಾಯಿಂಟಿನಷ್ಟು ಕಾಣುತ್ತದೆ. ಸಾಲಿನ ಅಂತರ ಒಂದೂವರೆ ಇರಲಿ. ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೈಬರಹದ ಪುಟದ ಫೋಟೊ ಕಳಿಸುವಾಗ ವಾಟ್ಸಾಪಿನಲ್ಲಿ ‘ಫೋಟೊ’ ಎಂದು ಕಳಿಸದೆ ‘ಡಾಕ್ಯುಮೆಂಟ್’ ಎಂದು ಕಳಿಸಿ. ಫೋಟೊ ಆದರೆ ಅದು ಕುಗ್ಗಿಸಿ ಕಳಿಸುತ್ತದೆ, ತೆಳು ಗೆರೆಗಳು ಮಸುಕಾಗುತ್ತವೆ.

ಪ್ರಶ್ನೆ: ಪ್ಲಸ್ ಟು ಸಯನ್ಸ್ ಓದುತ್ತಿದ್ದೇನೆ. ಕೈಯಲ್ಲಿ ಬರೆದರೆ ಮಾತ್ರ ತಲೆಗೆ ಹೋಗುತ್ತದೆ ಎನ್ನುವುದು ನಿಜವೇ? ನನ್ನಲ್ಲಿ ಪೆನ್ನು ಇರುವ ಟ್ಯಾಬ್ ಉಂಟು.
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ನಾರ್ವೆಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗ. 36 ವಿದ್ಯಾರ್ಥಿಗಳ ತಲೆಗೆ 256 ಸಂವೇದಕಗಳ ಬಲೆ ತೊಡಿಸಿ, ಪದಗಳನ್ನು ಒಮ್ಮೆ ಕೈಯಲ್ಲಿ ಬರೆಸಿದರು, ಒಮ್ಮೆ ಟೈಪ್ ಮಾಡಿಸಿದರು. ಕೈಯಲ್ಲಿ ಬರೆಯುವಾಗ ಮೆದುಳಿನ ಭಾಗಗಳ ನಡುವೆ ಸಂಪರ್ಕ ಹೆಚ್ಚು ವ್ಯಾಪಕವಾಗಿತ್ತು. ಸುದ್ದಿಯಲ್ಲಿ ಬಿಟ್ಟುಹೋಗುವ ಎರಡು ಅಂಶಗಳಿವೆ. ಅವರು ಬರೆದದ್ದು ಕಾಗದದ ಮೇಲಲ್ಲ, ಡಿಜಿಟಲ್ ಪೆನ್ನಿನಿಂದ ಪರದೆಯ ಮೇಲೆ. ಮತ್ತೆ, ಎಷ್ಟು ನೆನಪುಳಿಯಿತೆಂದು ಅಲ್ಲಿ ಪರೀಕ್ಷಿಸಿರಲಿಲ್ಲ.

ಹಾಗಾಗಿ ನಿಮ್ಮ ಟ್ಯಾಬಿನ ಪೆನ್ನಿಗೆ ಅಡ್ಡಿಯಿಲ್ಲ. ಕೀಲಿಮಣೆಯಲ್ಲಿ ಕೇಳಿದ್ದನ್ನೆಲ್ಲ ಹಾಗೇ ಒತ್ತುತ್ತ ಹೋಗುವುದು ಬೇಡ. ಕೈ ನಿಧಾನ, ಆದ್ದರಿಂದ ಯಾವುದನ್ನು ಬರೆಯಬೇಕು ಎಂದು ಆಯುವ ಕೆಲಸ ಆಗಲೇ ನಡೆಯುತ್ತದೆ. ಆದರೂ ಬೋರ್ಡ್ ಪರೀಕ್ಷೆ ಕಾಗದದಲ್ಲೇ ಇದೆ. ನಯವಾದ ಗಾಜಿನ ಮೇಲೆ ಓಡಿದ ಕೈ ಗಂಟೆಗಟ್ಟಲೆ ಕಾಗದದಲ್ಲಿ ಬರೆದರೆ ಸೋಲುತ್ತದೆ. ವಾರಕ್ಕೆ ಎರಡು ಹಳೆಯ ಪ್ರಶ್ನೆಪತ್ರಿಕೆಯಾದರೂ ಬಾಲ್ ಪೆನ್ನಿನಿಂದ ಪೂರ್ತಿ ಬರೆಯಿರಿ. ಕೇರಳದ ಎಂಜಿನಿಯರಿಂಗ್ ಸೀಟಿಗಿರುವ ಕೀಮ್ ಪ್ರವೇಶ ಪರೀಕ್ಷೆ 2024ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅದಕ್ಕೆ ಅಭ್ಯಾಸ ಮಾಡುವಾಗ ಪ್ರಶ್ನೆ ಪರದೆಯಲ್ಲಿ, ಲೆಕ್ಕ ಕಾಗದದಲ್ಲಿ ಇಡಿ. ಪ್ರಶ್ನೆಯ ಅಂಕಿಗಳನ್ನು ಕಾಗದಕ್ಕೆ ಇಳಿಸುವಾಗಲೇ ಹೆಚ್ಚು ತಪ್ಪು ಆಗುವುದು.

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳಿವೆ. ಪ್ರತಿ ಮಳೆಗಾಲ ಬೂಷ್ಟು, ಒರಳೆ. ಎಲ್ಲವನ್ನು ಸ್ಕ್ಯಾನ್ ಮಾಡಿ ಪುಸ್ತಕ ವಿಲೇವಾರಿ ಮಾಡೋಣ ಎಂಬ ಸಲಹೆ ಬಂದಿದೆ.
– ಗ್ರಂಥಾಲಯದ ಕಾರ್ಯದರ್ಶಿ, ಮುಳ್ಳೇರಿಯ

ಉತ್ತರ: ಸ್ಕ್ಯಾನ್ ಮಾಡಿ, ವಿಲೇವಾರಿ ಮಾತ್ರ ಮಾಡಬೇಡಿ. ಮಸುಕಾದ ಪುಟ, ತಪ್ಪಿಹೋದ ಪುಟ ಗೊತ್ತಾಗುವುದು ಯಾರಾದರೂ ಓದಲು ತೆರೆದಾಗ. ಆಗ ಪುಸ್ತಕ ಇಲ್ಲದಿದ್ದರೆ ಆ ಪುಟ ಲೋಕದಿಂದಲೇ ಹೋಯಿತು.

ಬೂಷ್ಟಿಗೆ ಕಾರಣ ಗಾಳಿಯ ತೇವ. ಅದು ಶೇಕಡಾ 65 ದಾಟಿ ನಿಂತರೆ ಬೆಳೆಯತೊಡಗುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಇಂಚು ಮುಂದೆ ತನ್ನಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ, ಪುಸ್ತಕಗಳನ್ನು ಬೆರಳು ಹೋಗದಷ್ಟು ತುರುಕಬೇಡಿ. ನಾಫ್ತಲಿನ್ ಗುಳಿಗೆ ಹುಳುವಿಗೆ, ಬೂಷ್ಟಿಗೆ ಅಲ್ಲ. ಹಿಡಿದಿರುವ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರಸಿದರೆ ಕಾಗದದೊಳಕ್ಕೆ ಹೋಗುತ್ತದೆ. ಮೊದಲು ಫ್ಯಾನಿನ ಗಾಳಿಗೆ ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಜಗಲಿಯಲ್ಲಿ ಮೆದು ಕುಂಚದಿಂದ ಕೊಡವಿ. ನೀರು ಬಿದ್ದ ಪುಸ್ತಕವಾದರೆ ಎರಡು ದಿನದೊಳಗೆ ಕೈಹಾಕಬೇಕು. ಪುಟಗಳನ್ನು ಬೀಸಣಿಗೆಯಂತೆ ಬಿಡಿಸಿ ನೆಟ್ಟಗೆ ನಿಲ್ಲಿಸಿ, ನಡುನಡುವೆ ಬಿಳಿ ಕಾಗದ ಇಟ್ಟು ಬದಲಿಸುತ್ತಿರಿ. ನುಣುಪು ಕಾಗದದ ಚಿತ್ರಪುಟಗಳನ್ನು ಒಣಗುವ ಮೊದಲೇ ಬಿಡಿಸಿ, ಒಣಗಿದ ಮೇಲೆ ಅಂಟಿಯೇ ಹೋಗುತ್ತವೆ.

ಸ್ಕ್ಯಾನಿಗೆ ದೊಡ್ಡ ಯಂತ್ರ ಬೇಡ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಎ4 ಪುಟಕ್ಕೆ 87 ಲಕ್ಷ ಪಿಕ್ಸೆಲ್ ಸಾಕು, 12 ಮೆಗಾಪಿಕ್ಸೆಲಿನ ಫೋನು ಹಿಡಿಯುತ್ತದೆ. ಫೋನನ್ನು ಸ್ಟ್ಯಾಂಡಿಗೆ ಬಿಗಿದು ಪುಟಕ್ಕೆ ನೇರವಾಗಿ ಮೇಲೆ ನಿಲ್ಲಿಸಿ, ಎರಡೂ ಬದಿಯಿಂದ ಓರೆಯಾಗಿ ದೀಪ ಕೊಡಿ, ಫ್ಲ್ಯಾಶ್ ಬೇಡ. ಪುಟದ ಮೇಲೆ ಒಂದು ಗಾಜು ಇಟ್ಟರೆ ಬೆನ್ನಿನ ಹತ್ತಿರದ ಸಾಲು ಬಾಗುವುದಿಲ್ಲ. ಮೊದಲು ಬಲಬದಿಯ ಪುಟಗಳೆಲ್ಲ, ಆಮೇಲೆ ಎಡಬದಿಯವು. ಎರಡರ ಸಂಖ್ಯೆ ತಾಳೆಯಾಗದಿದ್ದರೆ ಎಲ್ಲೋ ಪುಟ ಹಾರಿದೆ. ಸ್ಕ್ಯಾನ್ ಆಪಿನ ಕಪ್ಪು-ಬಿಳುಪು ಫಿಲ್ಟರ್ ಹಾಕಬೇಡಿ. ಹಳದಿ ಕಾಗದವನ್ನು ಬಿಳಿ ಮಾಡುವ ಭರದಲ್ಲಿ ಅದು ಮಹಾಪ್ರಾಣದ ಸೀಳನ್ನೂ ಅಳಿಸಿ ‘ಧನ’ವನ್ನು ‘ದನ’ ಮಾಡುತ್ತದೆ. ಬಣ್ಣದ ಮೂಲ ಚಿತ್ರಗಳನ್ನು ಹಾಗೇ ಇಟ್ಟು, ಓದಲು ಬೇರೆ ಪಿಡಿಎಫ್ ಮಾಡಿ. ಒಟ್ಟು ಮೂರು ಪ್ರತಿಗಳಿರಲಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಅದರಲ್ಲೊಂದು ಇನ್ನೊಂದು ಕಟ್ಟಡದಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಿ ಕೂರಬೇಡಿ.

ಎಲ್ಲರಿಗೂ ಸಿಗುವಂತೆ ಹಂಚುವ ಮೊದಲು ಹಕ್ಕು ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಪುಸ್ತಕಗಳಿಗೆ 2075ರ ಕೊನೆಯವರೆಗೆ ವಾರಸುದಾರರ ಅನುಮತಿ ಬೇಕು. ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ ಲೆಕ್ಕ ಅಚ್ಚಾದ ವರ್ಷದಿಂದ. ಆದ್ದರಿಂದ ಪಟ್ಟಿ ಮಾಡುವಾಗ ಪ್ರತಿ ಪುಸ್ತಕದ ಮುಂದೆ ಲೇಖಕರು ತೀರಿಕೊಂಡ ವರ್ಷ, ಮೊದಲ ಮುದ್ರಣದ ವರ್ಷ ಎಂದು ಎರಡು ಕಾಲಂ ಹಾಕಿಡಿ, ಕೆಲಸವನ್ನು ಮಳೆ ನಿಂತ ಮೇಲೆ ಹಕ್ಕು ಮುಗಿದ ಪುಸ್ತಕಗಳಿಂದ ಶುರು ಮಾಡಿ.