ಐರ್ಲೆಂಡಿನ ಸಂತ ಸೇಂಟ್ ಪ್ಯಾಟ್ರಿಕ್ ಆ ನಾಡಿನ ಹಾವುಗಳನ್ನೆಲ್ಲ ಓಡಿಸಿದ ಕಥೆ ಸುಳ್ಳಂತೆ. ಐರ್ಲೆಂಡಿನಲ್ಲಿ ಶಾಲೆಗೆ ಸೇರಿರುವ ಮಗಳಿಗೆ ಯಾವುದನ್ನು ಹೇಳಲಿ, ಕಥೆಯನ್ನೋ ಇತಿಹಾಸವನ್ನೋ?

ಈ ಪ್ರಶ್ನೆ ಓದಿದ ಕೂಡಲೇ ನನಗೆ ಐರ್ಲೆಂಡಿನ ಮೇಯೋ ಕೌಂಟಿಯ ಒಂದು ಅಡುಗೆಮನೆ ನೆನಪಾಯಿತು. ಪುತ್ತೂರಿನಿಂದ ನರ್ಸ್ ಕೆಲಸಕ್ಕೆ ಹೋದವಳು ನಾನು. ವೆಸ್ಟ್‌ಪೋರ್ಟ್ ಹತ್ತಿರ, ಎಂಬತ್ತು ದಾಟಿದ ಅಜ್ಜಿಯೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕಿಟಕಿ ತೆರೆದರೆ ಎದುರಿಗೇ ಕ್ರೋ ಪ್ಯಾಟ್ರಿಕ್ ಬೆಟ್ಟ. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಟೀ ಮಾಡಿಟ್ಟಿರುತ್ತಿದ್ದರು, ಟೀ ಜೊತೆಗೊಂದು ಕಥೆ. ಪ್ಯಾಟ್ರಿಕ್ ಆ ಬೆಟ್ಟದ ಮೇಲೆ 40 ದಿನ ಉಪವಾಸ ಕೂತದ್ದು, ಕರಿ ಹಕ್ಕಿಗಳಾಗಿ ಬಂದ ದೆವ್ವಗಳನ್ನು ಗಂಟೆ ಬಾರಿಸಿ ಓಡಿಸಿದ್ದು. 'ನನ್ನ ಹಬ್ಬ ಕಳೆದ ಮೇಲೆ ದಿನ ಬಿಟ್ಟು ದಿನ ಬಿಸಿಲು' ಎಂದು ಅಲ್ಲಿನ ಇನ್ನೊಬ್ಬ ಸಂತೆ ಬ್ರಿಜಿಡ್ ಮಾತು ಕೊಟ್ಟರೆ, 'ನನ್ನ ಹಬ್ಬ ಕಳೆದ ಮೇಲೆ ದಿನವೂ ಬಿಸಿಲು' ಎಂದು ಪ್ಯಾಟ್ರಿಕ್ ಮಾತು ಕೊಟ್ಟದ್ದು. ಹಿಂದೆ ಮಕ್ಕಳು ಕಾಗದದ ಶಿಲುಬೆಗೆ ಬಣ್ಣ ಹಚ್ಚಿ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ, ಅದನ್ನೂ ಅವರೇ ಹೇಳಿದ್ದು.

ಮಾರ್ಚ್ 17, ಪ್ಯಾಟ್ರಿಕ್ ಹಬ್ಬ ಬಂತು. ಬೆಳಿಗ್ಗೆ ಚರ್ಚಿಗೆ ಹೊರಡುವಾಗ ನನ್ನ ಕೋಟಿಗೂ ಶಾಮ್‌ರಾಕ್ ಎಲೆ ಪಿನ್ ಮಾಡಿದರು, ಪ್ಯಾಟ್ರಿಕ್ ನೆನಪಿಗೆ ತೊಡುವ ಮೂರೆಲೆಯ ಪುಟ್ಟ ಗಿಡ ಅದು. ಮಧ್ಯಾಹ್ನ ಮೊಮ್ಮಕ್ಕಳೆಲ್ಲ ಸೇರಿದ್ದರು, ಮೇಜಿನ ಮೇಲೆ ಬೇಕನ್, ಎಲೆಕೋಸು, ಆಲೂಗಡ್ಡೆ. ಅಜ್ಜಿ ಹಾವಿನ ಕಥೆ ತೆಗೆದರು. ಎಲ್ಲ ಹಾವುಗಳೂ ಸಮುದ್ರ ಸೇರಿದವು, ಒಂದು ಮುದಿ ಹಾವು ಮಾತ್ರ ಜಗ್ಗಲಿಲ್ಲ, ಪ್ಯಾಟ್ರಿಕ್ ಒಂದು ಪೆಟ್ಟಿಗೆ ತಂದು ಅದರ ಮುಂದಿಟ್ಟ...

ಅಲ್ಲಿ ನಾನು ಬಾಯಿ ಹಾಕಿದೆ. ಹಿಮಯುಗ ಮುಗಿದು ಸಮುದ್ರ ಏರಿದಾಗ ಐರ್ಲೆಂಡ್ ದ್ವೀಪವಾಯಿತು, ಹಾವುಗಳು ಇಲ್ಲಿಗೆ ಬರಲೇ ಇಲ್ಲ, ಓಡಿಸುವುದೆಲ್ಲಿಂದ ಬಂತು ಎಂದೆ. ಪ್ಯಾಟ್ರಿಕ್ ತನ್ನ ಬದುಕಿನ ಬಗ್ಗೆ ತಾನೇ ಬರೆದ 'ಕನ್ಫೆಸಿಯೋ'ದಲ್ಲಿ ಹಾವೂ ಇಲ್ಲ, ಶಾಮ್‌ರಾಕೂ ಇಲ್ಲ ಎಂದೂ ಸೇರಿಸಿದೆ.

ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅದಕ್ಕೇ ನನ್ನ ತಪ್ಪು ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಅವರು ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿರಲಿಲ್ಲ. ತಮ್ಮ ತಾಯಿ ಅದೇ ಒಲೆಯ ಮುಂದೆ ಕೂತು ಹೇಳಿದ್ದನ್ನು, ಅದೇ ಮಾತಿನಲ್ಲಿ, ಅದೇ ಜಾಗದಲ್ಲಿ ತಡೆದು ತಡೆದು ಹೇಳುತ್ತಿದ್ದರು. ಹಿಮಯುಗದ ವಿಷಯ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತೆಂದು ಆಮೇಲೆ ಮಗ ಹೇಳಿದರು. ನಾಗಬನದಲ್ಲಿ ನಾಗನಿಗೆ ತನು, ಅಂದರೆ ಹಾಲು, ಎರೆದು ಬೆಳೆದವಳು ನಾನು. ನಮ್ಮಜ್ಜಿ ನಾಗನ ಕಥೆ ಹೇಳುವಾಗ ಯಾರಾದರೂ 'ಹಾವು ಹಾಲು ಕುಡಿಯುವುದಿಲ್ಲ' ಎಂದು ನಡುವೆ ಬಂದಿದ್ದರೆ ನನಗೆ ಹೇಗಾಗುತ್ತಿತ್ತು? ಅದು ಆ ಹೊತ್ತಿಗೆ ಹೊಳೆಯಲಿಲ್ಲ.

ಅಜ್ಜಿ 'ಹೌದಾ' ಎಂದರು, ತಟ್ಟೆ ಎತ್ತಲು ಎದ್ದರು. 'ಆಮೇಲೆ?' ಎಂದು ಚಿಕ್ಕವಳು ಕೇಳಿದಳು, ಯಾರೂ ಹೇಳಲಿಲ್ಲ. ಅದಾದ ಮೇಲೂ ಟೀ ಇರುತ್ತಿತ್ತು. ಕಥೆ ಇರಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು.

ಆದ್ದರಿಂದ ಕಥೆಯೋ ಇತಿಹಾಸವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಹಾವಿನ ಕಥೆ ಹೇಳಿ, ಪೂರ್ತಿ ಹೇಳಿ. ಇತಿಹಾಸವೂ ಕಥೆಯಷ್ಟೇ ದೊಡ್ಡದು: 5ನೇ ಶತಮಾನದಲ್ಲಿ ಬ್ರಿಟನ್ನಿನ ಹದಿನಾರರ ಹುಡುಗನನ್ನು ಐರಿಶ್ ದಾಳಿಕೋರರು ಹೊತ್ತೊಯ್ದರು, ಆರು ವರ್ಷ ಗುಲಾಮನಾಗಿ ಕುರಿ ಕಾದ, ತಪ್ಪಿಸಿಕೊಂಡ, ಮತ್ತೆ ಅದೇ ನಾಡಿಗೆ ಬಿಷಪ್ ಆಗಿ ಬಂದ. ಅದನ್ನು ಅವಳು ಕೇಳಿದಾಗ ಹೇಳಿ. ಹಬ್ಬಕ್ಕೆಂದು ಅಂಗಡಿಯಲ್ಲಿ ಮಾರುವ ಹಸಿರು ಟೋಪಿ, ಕೆಂಪು ಗಡ್ಡ ಕೊಳ್ಳಬೇಡಿ. ಶಾಮ್‌ರಾಕ್‌ಗೆ ಮೂರೇ ಎಲೆ, ನಾಲ್ಕೆಲೆಯ ಬ್ಯಾಡ್ಜ್ ಅದೃಷ್ಟದ್ದು, ಅದು ಬೇರೆಯೇ ನಂಬಿಕೆ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ ಮಗಳನ್ನು ಅವರ ಹತ್ತಿರ ಕೂರಿಸಿ, ನೀವು ಸುಮ್ಮನಿರಿ.

ಆ ಮುದಿ ಹಾವಿನ ಕಥೆಯನ್ನು ಆಮೇಲೆ ಪುಸ್ತಕದಲ್ಲಿ ಓದಿದೆ. 'ಈ ಪೆಟ್ಟಿಗೆ ನನಗೆ ಚಿಕ್ಕದು' ಎಂದು ವಾದಿಸಿದ ಹಾವು, ಅದನ್ನು ತೋರಿಸಲೆಂದೇ ಒಳಗೆ ಹೋಗುತ್ತದೆ, ಪ್ಯಾಟ್ರಿಕ್ ಮುಚ್ಚಳ ಹಾಕಿ ನೀರಿಗೆ ಎಸೆಯುತ್ತಾನೆ. ಅಜ್ಜಿಯ ಹಾವು ಏನೆಂದು ವಾದಿಸುತ್ತಿತ್ತೋ, ನಾನು ಕೇಳಲಿಲ್ಲ.