ಆಬ್ಜೆಕ್ಟ್ ತನ್ನ ಪರಿಚಯ ತಾನೇ ಹೇಳಿಕೊಳ್ಳಲಿ

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿ ‘ಅವಧಿ’ ಎಂಬ ಕ್ಲಾಸ್ ಬರೆದಿದ್ದೇನೆ. ಒಳಗಿರುವುದು ನಿಮಿಷಗಳ ಲೆಕ್ಕ ಮಾತ್ರ. ಪುಟದಲ್ಲಿ ತೋರಿಸಲು ಹೋದರೆ ಚೌಕಾವರಣದೊಳಗೆ ‘ಆಬ್ಜೆಕ್ಟ್ ಆಬ್ಜೆಕ್ಟ್’ ಎಂದು ಬರುತ್ತದೆ. ಕನ್ಸೋಲ್‌ನಲ್ಲಿ ಮಾತ್ರ ಒಳಗಿನ ಅಂಕಿಯೂ ಕಾಣುತ್ತದೆ. ಏಕೆ ಹೀಗೆ?

ಉತ್ತರ: ಕನ್ಸೋಲ್ ನಿಮ್ಮ ಆಬ್ಜೆಕ್ಟನ್ನು ಪಠ್ಯವಾಗಿಸುವ ಗೋಜಿಗೇ ಹೋಗುವುದಿಲ್ಲ, ಬಿಚ್ಚಿ ಒಳಗಿರುವುದನ್ನು ತೋರಿಸುತ್ತದೆ, ಅಷ್ಟೇ. ಪುಟಕ್ಕೆ ಬೇಕಾದದ್ದು ಪಠ್ಯ. ಅದಕ್ಕಾಗಿ ಟುಸ್ಟ್ರಿಂಗ್ ಮೆಥಡ್‌ಗೆ ಕರೆ ಹೋಗುತ್ತದೆ. ನೀವು ಅದನ್ನು ಬರೆದಿಲ್ಲ, ಹಾಗಾಗಿ ಎಲ್ಲ ಆಬ್ಜೆಕ್ಟ್‌ಗಳಿಗೂ ಮೂಲವಾದ ಪ್ರೊಟೊಟೈಪ್‌ನಲ್ಲಿರುವುದು ಓಗೊಡುತ್ತದೆ. ಅದಕ್ಕೆ ನಿಮ್ಮ ನಿಮಿಷಗಳ ಗಂಧಗಾಳಿಯೂ ಇಲ್ಲ.

ಕ್ಲಾಸ್‌ನೊಳಗೆ ನಿಮ್ಮದೇ ಟುಸ್ಟ್ರಿಂಗ್ ಬರೆಯಿರಿ. 95 ನಿಮಿಷಗಳಿದ್ದರೆ ‘1 ಗಂಟೆ 35 ನಿಮಿಷ’ ಎಂದು ಹಿಂದಿರುಗಿಸಲಿ. ಒಂದೇ ಸಾಲು ಸಾಕು. ಇಡೀ ಜಾತಕವನ್ನು ಅದರೊಳಗೆ ತುರುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸಾಲನ್ನೇ ಮತ್ತೆ ಕತ್ತರಿಸಿ ಅಂಕಿ ಹೊರತೆಗೆಯುವವರ ಮೇಲೆ ಇನ್ನೂ ಹೆಚ್ಚು. ಅದು ಮನುಷ್ಯರ ಕಣ್ಣಿಗೆಂದು ಇರುವ ಪಠ್ಯ. ಲೆಕ್ಕಕ್ಕೆ ಅಂಕಿಯನ್ನೇ ಬಳಸಿ.

ಪ್ರಶ್ನೆ: ಟುಸ್ಟ್ರಿಂಗ್ ಜೊತೆಗೆ, ಎರಡು ಅವಧಿಗಳನ್ನು ಹೋಲಿಸಲು, ನಿಮಿಷಗಳ ಸಂಖ್ಯೆಯನ್ನು ಹಿಂದಿರುಗಿಸುವ ವ್ಯಾಲ್ಯೂಆಫ್ ಮೆಥಡ್ ಕೂಡ ಬರೆದೆ. ಈಗ ಟೆಂಪ್ಲೇಟ್‌ನೊಳಗೆ (ನಡುವೆ ಮೌಲ್ಯಗಳನ್ನು ಸೇರಿಸಬಹುದಾದ, ಬ್ಯಾಕ್‌ಟಿಕ್ ಚಿಹ್ನೆಗಳ ನಡುವಿನ ಪಠ್ಯ) ಇಟ್ಟರೆ ‘1 ಗಂಟೆ 35 ನಿಮಿಷ’ ಬರುತ್ತದೆ, ಕೂಡುವ ಚಿಹ್ನೆಯಿಂದ ‘ಒಟ್ಟು’ ಎಂಬ ಪದಕ್ಕೆ ಜೋಡಿಸಿದರೆ ಬರೀ 95 ಬರುತ್ತದೆ. ದೋಷ ಎಲ್ಲಿದೆ?

ಉತ್ತರ: ದೋಷವಲ್ಲ, ನಿಯಮವೇ ಹಾಗಿದೆ. ಆಬ್ಜೆಕ್ಟನ್ನು ಸರಳ ಮೌಲ್ಯವಾಗಿಸುವ ಮುನ್ನ ಜಾವಾಸ್ಕ್ರಿಪ್ಟ್ ಒಂದು ಸೂಚನೆಯನ್ನು ಇಟ್ಟುಕೊಳ್ಳುತ್ತದೆ: ಪಠ್ಯ ಬೇಕು, ಸಂಖ್ಯೆ ಬೇಕು, ಅಥವಾ ಯಾವುದಾದರೂ ಸರಿ. ಟೆಂಪ್ಲೇಟ್ ಪಠ್ಯವನ್ನೇ ಕೇಳುತ್ತದೆ. ಟುಸ್ಟ್ರಿಂಗ್ ಮೊದಲು ಏಳುತ್ತದೆ. ಕೂಡುವ ಚಿಹ್ನೆಯದು ‘ಯಾವುದಾದರೂ ಸರಿ’ ಎಂಬ ಸೂಚನೆ. ಪಕ್ಕದಲ್ಲಿ ಪದವೇ ಇದ್ದರೂ ಅದು ಬದಲಾಗದು. ಆ ಸೂಚನೆಗೆ ಸಾಮಾನ್ಯ ಆಬ್ಜೆಕ್ಟ್‌ಗಳಲ್ಲಿ ವ್ಯಾಲ್ಯೂಆಫ್‌ಗೇ ಮೊದಲ ಸರದಿ. ದಿನಾಂಕ, ಸಮಯಗಳಿಗೆಂದು ಇರುವ ಡೇಟ್ ಆಬ್ಜೆಕ್ಟ್ ಮಾತ್ರ ಇಲ್ಲಿ ಹಟಮಾರಿ: ಅದೇ ಸೂಚನೆಗೆ ಪಠ್ಯವನ್ನೇ ಕೊಡುತ್ತದೆ.

ಈ ಆಯ್ಕೆ ನಿಮ್ಮ ಕೈಯಲ್ಲೇ ಇರಬೇಕಾದರೆ 2015ರ ಆವೃತ್ತಿಯಲ್ಲಿ ಬಂದ ಸಿಂಬಲ್ ಟುಪ್ರಿಮಿಟಿವ್ ಎಂಬ ವಿಶೇಷ ಹೆಸರಿನ ಮೆಥಡ್ ಇದೆ. ಸೂಚನೆ ಅದಕ್ಕೆ ಆರ್ಗ್ಯುಮೆಂಟ್ ಆಗಿ ಬರುತ್ತದೆ. ಸಂಖ್ಯೆ ಬೇಕೆಂದಾಗ ನಿಮಿಷಗಳನ್ನು ಕೊಡಿ, ಉಳಿದೆರಡಕ್ಕೂ ಪಠ್ಯ ಕೊಡಿ. ದೊಡ್ಡದು, ಚಿಕ್ಕದು ಎಂಬ ಹೋಲಿಕೆ ಸಂಖ್ಯೆಯನ್ನೇ ಕೇಳುವುದರಿಂದ ಅದು ಕೆಡುವುದಿಲ್ಲ. ಎರಡು ಅವಧಿಗಳನ್ನು ಕೂಡುವ ಚಿಹ್ನೆಯಿಂದಲೇ ಕೂಡಬೇಕೆಂದಿದ್ದರೆ ಮಾತ್ರ ಇದು ನಿಮಗೆ ಹೊಂದದು, ಎರಡು ವಾಕ್ಯಗಳು ಅಂಟಿಕೊಂಡು ಬರುತ್ತವೆ. ನನ್ನನ್ನು ಕೇಳಿದರೆ, ಕೂಡಲು ಬೇರೆಯೇ ಮೆಥಡ್ ಬರೆಯಿರಿ, ಪಠ್ಯಕ್ಕೆ ಟೆಂಪ್ಲೇಟ್ ಬಳಸಿ. ಮುಂದೆ ಆ ಕೋಡ್ ಓದುವವರು ಈ ನಿಯಮವನ್ನೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಇಷ್ಟೆಲ್ಲ ಬರೆದರೂ ಸರ್ವರ್‌ಗೆ ಕಳುಹಿಸುವ ಜೇಸನ್‌ನಲ್ಲಿ (ಮಾಹಿತಿ ವಿನಿಮಯದ ಪಠ್ಯರೂಪ) ನನ್ನ ಪಠ್ಯ ಕಾಣುವುದಿಲ್ಲವಲ್ಲ?

ಉತ್ತರ: ಕಾಣದಿರುವುದೇ ಒಳ್ಳೆಯದು. ಆಬ್ಜೆಕ್ಟನ್ನು ಜೇಸನ್ ಆಗಿಸುವ ಜೇಸನ್ ಸ್ಟ್ರಿಂಗಿಫೈ ನಿಮ್ಮ ಆಬ್ಜೆಕ್ಟ್‌ನ ಟುಸ್ಟ್ರಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ. ಟುಜೇಸನ್ ಎಂಬ ಮೆಥಡ್ ಇದೆಯೇ ಎಂದು ಹುಡುಕುತ್ತದೆ. ಡೇಟ್ ಆಬ್ಜೆಕ್ಟ್ ಜೇಸನ್‌ನಲ್ಲಿ ಐಎಸ್ಒ ಮಾದರಿಯ ದಿನಾಂಕವಾಗುವುದು ಅದರಿಂದಲೇ. ನಿಮ್ಮ ಟುಜೇಸನ್ 95 ಎಂಬ ಸಂಖ್ಯೆಯನ್ನೇ ಹಿಂದಿರುಗಿಸಲಿ. ‘1 ಗಂಟೆ 35 ನಿಮಿಷ’ ಎಂದು ಕಳುಹಿಸಿದರೆ ಆ ತುದಿಯಲ್ಲಿರುವವರು ಅದನ್ನು ಬಿಡಿಸಿಕೊಳ್ಳುತ್ತಾ ನಿಮಗೆ ಶಾಪ ಹಾಕುತ್ತಾರೆ.

ಪ್ರಶ್ನೆ: ಪ್ರತಿ ಕ್ಲಾಸ್‌ನಲ್ಲೂ ಬರೆಯುವ ಬದಲು ಮೂಲ ಪ್ರೊಟೊಟೈಪ್‌ನ ಟುಸ್ಟ್ರಿಂಗನ್ನೇ ಬದಲಿಸಿದರೆ?

ಉತ್ತರ: ಬೇಡ. ಮೌಲ್ಯದ ಬಗೆಯನ್ನು ಗುರುತಿಸಲು ಅದನ್ನೇ ನಂಬಿರುವ ಲೈಬ್ರರಿಗಳಿವೆ, ಅವೆಲ್ಲ ಕೆಡುತ್ತವೆ. ಚೌಕಾವರಣದಲ್ಲಿ ಎರಡನೆಯ ‘ಆಬ್ಜೆಕ್ಟ್’ ಬದಲು ‘ಅವಧಿ’ ಎಂದಷ್ಟೇ ಬಂದರೆ ಸಾಕು ಎನ್ನುವುದಾದರೆ, ನಿಮ್ಮ ಕ್ಲಾಸ್‌ನಲ್ಲಿ ‘ಅವಧಿ’ ಎಂದು ಹಿಂದಿರುಗಿಸುವ ಸಿಂಬಲ್ ಟುಸ್ಟ್ರಿಂಗ್‌ಟ್ಯಾಗ್ ಗೆಟರ್ (ಗುಣವನ್ನು ಓದಿದಾಗ ಓಡುವ ಮೆಥಡ್) ಒಂದನ್ನು ಇಡಿ.