ಧಾಟಿ ಮರೆಯಾದದ್ದು ಏಕೆ?

ಮಾನ್ಯರೇ, ಮೈಸೂರಿನ ಕಳೆದ ವಾರದ ಜಾಝ್ ಕಚೇರಿಯಲ್ಲಿ ಸ್ಯಾಕ್ಸೊಫೋನ್ ವಾದಕರು ಮೂಲ ಧಾಟಿಯನ್ನು ಬೇಗನೆ ಕೈಬಿಟ್ಟದ್ದೇಕೆ ಎಂದು ಕೇಳಿದ್ದೀರಿ. ನಾನೂ ಅಲ್ಲಿದ್ದೆ. ಧಾಟಿ ಮರೆಯಾದರೂ ಚೌಕಟ್ಟು ಕದಲಿರಲಿಲ್ಲ: ಅನೇಕ ಹಳೆಯ ಜಾಝ್ ರಚನೆಗಳಲ್ಲಿ ಎಂಟೆಂಟು ಬಾರ್‌ಗಳ (ತಾಳದ ಎಣಿಕೆಯ ಸಣ್ಣ ಘಟಕಗಳ) ನಾಲ್ಕು ಭಾಗಗಳು ಸೇರಿ 32 ಬಾರ್‌ಗಳ ಸುತ್ತಾಗುತ್ತದೆ, ಆ ಸುತ್ತಿನ ಸ್ವರಮೇಳಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ಪಿಯಾನೊ ಮತ್ತು ಬೇಸ್ ನಮ್ಮ ತಾಳದ ಆವರ್ತನದಂತೆ ಮರಳಿ ಮರಳಿ ನುಡಿಸುತ್ತಿರುವಾಗ, ವಾದಕರು ಅವುಗಳ ಮೇಲೆ ಸ್ಥಳದಲ್ಲೇ ಹೊಸ ಧಾಟಿ ಕಟ್ಟುತ್ತಾರೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಸ್ಥಳದಲ್ಲೇ ಸ್ವರ ಹೆಣೆಯುವ ಕಲ್ಪನಾಸ್ವರಕ್ಕೆ ಸಾಮಾನ್ಯವಾಗಿ ಉದ್ದಕ್ಕೂ ಒಂದೇ ರಾಗ ಆಧಾರ. ಜಾಝ್‌ನಲ್ಲಿ ಆಧಾರವಾದ ಸ್ವರಮೇಳವೇ ಸುತ್ತಿನೊಳಗೆ ಬದಲಾಗುತ್ತಿರುತ್ತದೆ. ಡ್ರಮ್ಸ್ ಜೊತೆಗಿನ ನಾಲ್ಕು ನಾಲ್ಕು ಬಾರ್‌ಗಳ ಸವಾಲ್-ಜವಾಬೇ ನನಗೆ ಅತ್ಯುತ್ತಮವೆನಿಸಿತು, ಬೇಸ್ ಮಾತ್ರ ಹಿಂದಿನ ಸಾಲಿಗೆ ಸರಿಯಾಗಿ ಕೇಳಿಸಲಿಲ್ಲ. ಮುಂದಿನ ಬಾರಿ ಮೂಲ ಧಾಟಿಯನ್ನು ಮನಸ್ಸಿನಲ್ಲೇ ಗುನುಗುತ್ತ ಕೇಳಿ, ಸುತ್ತು ಎಲ್ಲಿ ಮರಳುತ್ತದೆಂಬುದು ನಿಮಗೇ ತಿಳಿಯುತ್ತದೆ.